ಕಳೆ ಕೊಚ್ಚುವ ಯಂತ್ರ ನಿಂತಾಗ ಕೇಳಬೇಕಾದ ಮೂರು ಪ್ರಶ್ನೆ

ಆಟಿ ತಿಂಗಳ ಜಡಿಮಳೆ ಇಳಿದು ಸೋಣದ ಬಿಸಿಲು ಕಾಣಿಸಿಕೊಳ್ಳುವ ಹೊತ್ತಿಗೆ ನಮ್ಮ ಅಡಿಕೆ ತೋಟಗಳಲ್ಲಿ ಕಳೆ ಮೊಣಕಾಲು ಮೀರಿ ಬೆಳೆದಿರುತ್ತದೆ. ಗುಡ್ಡೆಯ ಬದಿಯಲ್ಲಿ ಕಮ್ಯುನಿಸ್ಟ್ ಗಿಡ, ಕಣಿಯ ಅಂಚಿನಲ್ಲಿ ನಾಚಿಕೆಮುಳ್ಳು, ಮರದಿಂದ ಮರಕ್ಕೆ ಹಬ್ಬಿದ ಬಳ್ಳಿ. ಬಿದ್ದ ಅಡಿಕೆಯನ್ನು ಹೆಕ್ಕಲಿಕ್ಕೂ ದಾರಿಯಿಲ್ಲ. ವರ್ಷಕ್ಕೆ ಎರಡು ಮೂರು ಸಲವಾದರೂ ಕಳೆ ಸವರಲೇಬೇಕು. ಕತ್ತಿ ಹಿಡಿದು ಸವರುವ ಆಳುಗಳು ಈಗ ಸಿಕ್ಕುವುದು ಅಪರೂಪ. ಆದ್ದರಿಂದ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಹೆಗಲಿಗೆ ತೂಗಹಾಕಿಕೊಳ್ಳುವ ಪೆಟ್ರೋಲು ಯಂತ್ರದ ಸದ್ದು ಈಗ ಎಲ್ಲೆಡೆಯೂ ಕೇಳುತ್ತದೆ.

ಕಳೆಗೆ ವಿಷ ಹೊಡೆಯುವ ದಾರಿಯೂ ಉಂಟೆಂದು ಕೆಲವರು ಹೇಳಬಹುದು. ನಮ್ಮ ಜಿಲ್ಲೆಯವರಿಗೆ ಆ ಮಾತು ಸುಲಭವಾಗಿ ರುಚಿಸದು. ಇಲ್ಲಿನ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅದು ಕೀಟನಾಶಕ, ಕಳೆನಾಶಕವಲ್ಲ. ಆದರೂ ವಿಷ ನೀರಿಗಿಳಿದರೆ ಏನಾಗುತ್ತದೆಂಬುದನ್ನು ಎಣ್ಮಕಜೆಯಂಥ ಊರುಗಳು ಕಂಡಿವೆ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶಕ್ಕೇ ನಿಷೇಧಿಸಿತು. 2019ರಲ್ಲಿ ಕೇರಳ ಸರಕಾರ ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾರಾಟವನ್ನು ತಡೆಯಿತು. ಕಳೆಯನ್ನು ಬುಡದಿಂದ ಮೇಲೆ ಕೊಯ್ದರೆ ಬೇರು ಮಣ್ಣಿನಲ್ಲೇ ಉಳಿದು ಇಳಿಜಾರಿನ ಮಣ್ಣನ್ನು ಮಳೆಗೆ ಕೊಚ್ಚಿಹೋಗದಂತೆ ಹಿಡಿಯುತ್ತದೆ. ಕೊಯ್ದ ಸೊಪ್ಪು ಮರದ ಬುಡಕ್ಕೆ ಹೊದಿಕೆಯಾಗುತ್ತದೆ. ಹೀಗಿರುವುದರಿಂದ ಯಂತ್ರವೇ ನಮಗೆ ತಕ್ಕುದು.

ಆದರೆ ಯಂತ್ರವನ್ನು ಕೊಂಡವರು ಬಹಳ, ಚೆನ್ನಾಗಿ ಇಟ್ಟುಕೊಂಡವರು ಕಡಿಮೆ. ಅದರೊಂದಿಗೆ ಬರುವ ಪುಸ್ತಕ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ರಿಪೇರಿಯವರು ಮಲೆಯಾಳದಲ್ಲಿ ಎರಡು ಮಾತು ಹೇಳಿ ಕಳುಹಿಸುತ್ತಾರೆ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯ ಕೃಷಿಕರು ಯಂತ್ರ ನಿಂತೊಡನೆ ಅದನ್ನು ಜೀಪಿಗೆ ಹಾಕಿ ಪೇಟೆಗೆ ಒಯ್ಯುತ್ತಾರೆ. ಅಲ್ಲಿ ಅದು ನಾಲ್ಕು ದಿನ ಕೂರುತ್ತದೆ. ಇಲ್ಲಿ ಕರೆಸಿದ ಆಳು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಅಷ್ಟರಲ್ಲಿ ಮಳೆ ಮತ್ತೆ ಹಿಡಿಯುತ್ತದೆ. ನಾನು ಕಂಡಂತೆ ಹೀಗೆ ಪೇಟೆಗೆ ಹೋಗುವ ಯಂತ್ರಗಳಲ್ಲಿ ಬಹುಪಾಲು ನಿಜವಾಗಿ ಕೆಟ್ಟಿರುವುದಿಲ್ಲ. ಹಳೆಯ ಪೆಟ್ರೋಲು, ಧೂಳು ತುಂಬಿದ ಫಿಲ್ಟರು, ಮಸಿ ಹಿಡಿದ ಪ್ಲಗ್ಗು, ಇವುಗಳಲ್ಲಿ ಒಂದು ಕಾರಣ. ಮೂರನ್ನೂ ಮನೆಯ ಜಗಲಿಯಲ್ಲೇ ಸರಿಪಡಿಸಬಹುದು.

ಒಲೆಯೂ ಯಂತ್ರವೂ

ಒಲೆ ಉರಿಯಬೇಕಾದರೆ ಕಟ್ಟಿಗೆ ಬೇಕು, ಗಾಳಿ ಬೇಕು, ಬೆಂಕಿಕಡ್ಡಿ ಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಒಲೆ ಹತ್ತದು. ಯಂತ್ರದ ಹೊಟ್ಟೆಯಲ್ಲಿ ನಡೆಯುವುದೂ ಇದೇ. ಕಟ್ಟಿಗೆಯ ಬದಲು ಪೆಟ್ರೋಲು; ಗಾಳಿ ಫಿಲ್ಟರಿನ ಮೂಲಕ ಬರುತ್ತದೆ; ಬೆಂಕಿಕಡ್ಡಿಯ ಕೆಲಸವನ್ನು ಪ್ಲಗ್ಗಿನ ಕಿಡಿ ಮಾಡುತ್ತದೆ. ಗಾಳಿಯನ್ನೂ ಪೆಟ್ರೋಲನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸುವ ಅಡುಗೆಯವನೇ ಕಾರ್ಬುರೇಟರು. ಯಂತ್ರ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಮೂರೇ: ಪೆಟ್ರೋಲು ಬರುತ್ತಿದೆಯೇ? ಗಾಳಿ ಬರುತ್ತಿದೆಯೇ? ಕಿಡಿ ಬರುತ್ತಿದೆಯೇ? ಇದನ್ನು ಬಿಟ್ಟು ಹಗ್ಗವನ್ನು ಐವತ್ತು ಸಲ ಎಳೆದರೆ ತೋಳು ನೋಯುವುದೇ ಲಾಭ.

ಮೊದಲು ನಿಮ್ಮ ಯಂತ್ರದ ಜಾತಿಯನ್ನು ತಿಳಿದುಕೊಳ್ಳಬೇಕು. ಎಂಜಿನಿಗೆ ಪೆಟ್ರೋಲಿನ ಟ್ಯಾಂಕಿಯಲ್ಲದೆ ಆಯಿಲ್ ಹೊಯ್ಯುವ ಬೇರೆ ಬಾಯಿ ಇದ್ದರೆ ಅದು ಫೋರ್ ಸ್ಟ್ರೋಕ್. ಅದಕ್ಕೆ ಬರಿಯ ಪೆಟ್ರೋಲು ಹಾಕಬೇಕು. ಬೇರೆ ಬಾಯಿ ಇಲ್ಲದಿದ್ದರೆ ಟೂ ಸ್ಟ್ರೋಕ್. ಅದಕ್ಕೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಿಯೇ ಹಾಕಬೇಕು. ಟೂ ಸ್ಟ್ರೋಕ್ ಯಂತ್ರಕ್ಕೆ ಬರಿಯ ಪೆಟ್ರೋಲು ಹೊಯ್ದರೆ ಪಿಸ್ಟನ್ನು ಒಣಗಿ ಉಜ್ಜಿ ಹಿಡಿದುಬಿಡುತ್ತದೆ. ಆ ರಿಪೇರಿಗೆ ಹೊಸ ಯಂತ್ರದ ಅರ್ಧ ಬೆಲೆ ಬಿದ್ದರೂ ಆಶ್ಚರ್ಯವಿಲ್ಲ.

ಪೆಟ್ರೋಲಿನ ವಿಚಾರ

ಟೂ ಸ್ಟ್ರೋಕ್ ಯಂತ್ರಗಳಲ್ಲಿ ಕೆಲವಕ್ಕೆ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಎಂದರೆ ಲೀಟರಿಗೆ 20 ಮಿಲಿಲೀಟರ್. ಕೆಲವಕ್ಕೆ 25 ಪಾಲಿಗೆ 1 ಪಾಲು, ಎಂದರೆ ಲೀಟರಿಗೆ 40 ಮಿಲಿಲೀಟರ್. ನಿಮ್ಮ ಯಂತ್ರಕ್ಕೆ ಯಾವುದೆಂಬುದು ಅದರ ಪುಸ್ತಕದಲ್ಲಿರುತ್ತದೆ, ಟ್ಯಾಂಕಿಯ ಮುಚ್ಚಳದ ಮೇಲೂ ಅಚ್ಚಾಗಿರುವುದುಂಟು. ಅಂಕಿ ಯಾವ ಭಾಷೆಯಲ್ಲಿದ್ದರೂ ಅಂಕಿಯೇ. ಕಣ್ಣಳತೆಯಿಂದ ಬೆರೆಸಕೂಡದು. ಮಕ್ಕಳ ಔಷಧದ ಅಳತೆ ಮುಚ್ಚಳವನ್ನು ಇದಕ್ಕೆಂದೇ ಒಂದು ಬೇರೆ ಇಟ್ಟುಕೊಳ್ಳಿ. ಆಯಿಲ್ ಕಡಿಮೆಯಾದರೆ ಎಂಜಿನು ಸಾಯುತ್ತದೆ. ಹೆಚ್ಚಾದರೆ ಹೊಗೆ ಕಾರಿ ಪ್ಲಗ್ಗೂ ಸೈಲೆನ್ಸರೂ ಮಸಿ ಕಟ್ಟುತ್ತವೆ. ಬೆರೆಸುವುದು ಬೇರೆ ಕ್ಯಾನಿನಲ್ಲಿ, ಟ್ಯಾಂಕಿಯಲ್ಲಲ್ಲ. ಹೊಯ್ಯುವ ಮೊದಲು ಕ್ಯಾನನ್ನು ಚೆನ್ನಾಗಿ ಕುಲುಕಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಪೆಟ್ರೋಲು ಇಡಲೇಬಾರದು; ಬಾಯಾರಿದವರು ಎತ್ತಿ ಕುಡಿದಾರು.

ಈಗಿನ ಕಾಲದ ಮುಖ್ಯ ತೊಂದರೆ ಬೇರೊಂದುಂಟು. ಬಂಕುಗಳಲ್ಲಿ ಸಿಕ್ಕುವ ಪೆಟ್ರೋಲಿನಲ್ಲಿ ಕಬ್ಬು, ಧಾನ್ಯಗಳಿಂದ ತಯಾರಿಸಿದ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುತ್ತಾರೆ. 2022ರಲ್ಲಿ ಇದು ನೂರಕ್ಕೆ 10 ಪಾಲು ಇತ್ತು. 2023ರಲ್ಲಿ 20 ಪಾಲಿನ ಪೆಟ್ರೋಲು ಬರತೊಡಗಿ 2025ರ ಹೊತ್ತಿಗೆ ದೇಶದೆಲ್ಲೆಡೆ ಅದೇ ಸಾಮಾನ್ಯವಾಯಿತು. ಹಳೆಯ ಯಂತ್ರಗಳ ಪುಸ್ತಕದಲ್ಲಿ 10 ಪಾಲಿಗಿಂತ ಹೆಚ್ಚು ಎಥನಾಲ್ ಕೂಡದೆಂದು ಬರೆದಿರುವುದುಂಟು. ಎಥನಾಲಿಗೆ ನೀರೆಂದರೆ ಬಹಳ ಸ್ನೇಹ. ನಮ್ಮ ಮಳೆಗಾಲದ ಗಾಳಿಯಲ್ಲಿರುವ ತೇವವನ್ನೂ ಅದು ಎಳೆದುಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನು ಹೀರುವುದು ತಳದಿಂದ. ಆಗ ಎಂಜಿನಿಗೆ ಹೋಗುವುದು ಆಯಿಲ್ ಇಲ್ಲದ ನೀರು ಬೆರೆತ ದ್ರವ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅನುಮಾನ ಬಂದ ಪೆಟ್ರೋಲನ್ನು ಕ್ಯಾನಿನ ತಳದಿಂದ ಸ್ವಲ್ಪ ತೆಗೆದು ಸ್ವಚ್ಛವಾದ ಗಾಜಿನ ಬಾಟಲಿಗೆ ಹೊಯ್ದು ಅರ್ಧ ಗಂಟೆ ಅಲುಗಿಸದೆ ಇಡಿ. ಒಲೆಯಿಂದಲೂ ದೀಪದಿಂದಲೂ ದೂರ ಇಡಬೇಕು. ಎರಡು ಪದರ ಕಂಡರೆ ಆ ಪೆಟ್ರೋಲು ಯಂತ್ರಕ್ಕೆ ಬಾರದು. ಪದರ ಕಾಣದಿದ್ದರೂ ವಾರ್ನಿಶಿನ ವಾಸನೆ ಬಂದರೆ ಅದು ಹಳಸಿದೆಯೆಂದೇ ತಿಳಿಯಬೇಕು. ಬೇಕಾದಷ್ಟೇ ತಂದು, ಬೆರೆಸಿದ್ದನ್ನು ಒಂದು ತಿಂಗಳೊಳಗೆ ಮುಗಿಸುವುದು ಒಳ್ಳೆಯದು.

ಕೆಲಸ ಮುಗಿದು ಯಂತ್ರವನ್ನು ತಿಂಗಳಿಗೂ ಹೆಚ್ಚು ಕಾಲ ಮೂಲೆಗಿಡುವುದಾದರೆ ಟ್ಯಾಂಕಿ ಬರಿದು ಮಾಡಿ, ಅನಂತರ ಚಾಲೂ ಮಾಡಿ ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಕಾರ್ಬುರೇಟರಿನ ಸೂಜಿ ಮೊನೆಯಂಥ ತೂತುಗಳಲ್ಲಿ ಪೆಟ್ರೋಲು ನಿಂತು ಒಣಗಿದರೆ ಅಂಟು ಕಟ್ಟುತ್ತದೆ. ಮುಂದಿನ ವರ್ಷ ಯಂತ್ರ ಚಾಲೂ ಆಗದಿರುವುದಕ್ಕೆ ಅತಿ ಸಾಮಾನ್ಯವಾದ ಕಾರಣ ಈ ಅಂಟೇ. ಬಳಿಕ ಪ್ಲಗ್ಗು ಬಿಚ್ಚಿ ಆ ತೂತಿಗೆ ಒಂದು ಸಣ್ಣ ಚಮಚ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ಗು ಹಾಕಿಡಿ. ಒಳಗೆ ತುಕ್ಕು ಹಿಡಿಯದು.

ಗಾಳಿ ಮತ್ತು ಕಿಡಿ

ಗಾಳಿಯ ಫಿಲ್ಟರು ಸಾಮಾನ್ಯವಾಗಿ ಸ್ಪಂಜಿನದು. ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಹುಲ್ಲಿನ ಹುಡಿ ಅದರಲ್ಲಿ ತುಂಬುತ್ತದೆ. ದಿನದ ಕೆಲಸ ಮುಗಿದ ಮೇಲೆ ಬಿಚ್ಚಿ ಕೊಡವಬೇಕು; ವಾರಕ್ಕೊಮ್ಮೆ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಪುಸ್ತಕದಲ್ಲಿ ಹೇಳಿದ್ದರೆ ನಾಲ್ಕು ಹನಿ ಆಯಿಲ್ ಹಚ್ಚಿ ಹಿಂಡಿ ಹಾಕಬೇಕು. ಕಾಗದದ ಫಿಲ್ಟರಾದರೆ ತೊಳೆಯಬಾರದು, ಕೊಡವಬೇಕು, ಕೆಟ್ಟರೆ ಬದಲಿಸಬೇಕು. ಫಿಲ್ಟರಿಲ್ಲದೆ ಒಂದು ಗಳಿಗೆಯೂ ಓಡಿಸಬಾರದು. ಒಳಹೋದ ಮಣ್ಣು ಪಿಸ್ಟನ್ನನ್ನು ಅರದಂತೆ ಉಜ್ಜುತ್ತದೆ.

ಪ್ಲಗ್ಗು ಎಂಜಿನಿನ ನಾಲಿಗೆ. ವೈದ್ಯರು ನಾಲಿಗೆ ನೋಡಿ ರೋಗ ತಿಳಿಯುವಂತೆ ಪ್ಲಗ್ಗಿನ ತುದಿ ನೋಡಿ ಒಳಗಿನ ಸ್ಥಿತಿ ತಿಳಿಯಬಹುದು. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಎಲ್ಲವೂ ಸರಿ. ಒಣ ಕಪ್ಪು ಮಸಿ ಇದ್ದರೆ ಗಾಳಿ ಸಾಲದು, ಫಿಲ್ಟರು ನೋಡಿ. ಎಣ್ಣೆಯ ಜಿಡ್ಡಿದ್ದರೆ ಆಯಿಲ್ ಹೆಚ್ಚಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದೆ ಎಂಜಿನು ಅತಿಯಾಗಿ ಕಾಯುತ್ತಿದೆ. ಹಾಗೆಯೇ ಓಡಿಸಿದರೆ ಪಿಸ್ಟನ್ನಿಗೆ ಅಪಾಯ. ತುದಿಯ ಎರಡು ಕಡ್ಡಿಗಳ ನಡುವಿನ ಅಂತರ ಹೆಚ್ಚಿನ ಯಂತ್ರಗಳಲ್ಲಿ 0.5ರಿಂದ 0.7 ಮಿಲಿಮೀಟರ್ ಇರಬೇಕು. ಒಂದು ಹೊಸ ಪ್ಲಗ್ಗನ್ನು ಯಾವಾಗಲೂ ಮನೆಯಲ್ಲಿ ಇಟ್ಟುಕೊಂಡಿರಬೇಕು.

ಯಂತ್ರ ಚಾಲೂ ಆಗದಿದ್ದರೆ

ಸ್ವಿಚ್ಚು ಸರಿಯಾದ ಕಡೆಗಿದೆಯೇ, ಟ್ಯಾಂಕಿಯಲ್ಲಿ ಹೊಸ ಪೆಟ್ರೋಲು ಇದೆಯೇ ಎಂದು ಮೊದಲು ನೋಡಿ. ಅನಂತರ ಪ್ಲಗ್ಗು ಬಿಚ್ಚಿ. ದಾರಿ ಇಲ್ಲಿ ಎರಡಾಗುತ್ತದೆ.

ಪ್ಲಗ್ಗು ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ ಎಂದರ್ಥ. ಒಂದೋ ಅತಿಯಾಗಿ ಬಂದಿದೆ, ಇಲ್ಲವೇ ಕಿಡಿ ಇಲ್ಲ. ಸ್ವಿಚ್ಚು ನಂದಿಸಿ, ಚೋಕ್ ತೆಗೆದು, ಪ್ಲಗ್ಗಿಲ್ಲದೆಯೇ ಹಗ್ಗವನ್ನು ಐದಾರು ಸಲ ಎಳೆಯಿರಿ. ಮುಖವನ್ನು ತೂತಿನಿಂದ ದೂರ ಇಡಿ. ಪ್ಲಗ್ಗು ಒರಸಿ ಒಣಗಿಸಿ ಹಾಕಿ ಪ್ರಯತ್ನಿಸಿ. ಆಗದಿದ್ದರೆ ಹೊಸ ಪ್ಲಗ್ಗು ಹಾಕಿ. ಆಗಲೂ ಆಗದಿದ್ದರೆ ಸ್ವಿಚ್ಚಿನಿಂದ ಎಂಜಿನಿಗೆ ಹೋಗುವ ವಯರು ಎಲ್ಲಾದರೂ ಉಜ್ಜಿ ತಾಮ್ರ ಕಾಣುತ್ತಿದೆಯೇ, ಇಲಿ ಕಡಿದಿದೆಯೇ ನೋಡಿ.

ಪ್ಲಗ್ಗು ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ಟ್ಯಾಂಕಿಯೊಳಗಿನ ಪೈಪಿನ ತುದಿಯಲ್ಲಿ ಹೆಬ್ಬೆರಳಿಗಿಂತ ಸಣ್ಣದಾದ ಫಿಲ್ಟರು ಇರುತ್ತದೆ. ತಂತಿಯ ಕೊಕ್ಕೆಯಿಂದ ಮೆಲ್ಲಗೆ ಹೊರಗೆಳೆದು ನೋಡಿ. ಕೆಸರು ಕಟ್ಟಿದ್ದರೆ ಬದಲಿಸಿ. ರಬ್ಬರಿನ ಪೈಪು ಗಟ್ಟಿಯಾಗಿ ಬಿರಿದಿದ್ದರೆ ಪೆಟ್ರೋಲಿನ ಬದಲು ಗಾಳಿ ಹೀರುತ್ತದೆ. ಒತ್ತುವ ರಬ್ಬರು ಬುರುಡೆ ಒಡೆದಿದ್ದರೂ ಹಾಗೆಯೇ. ಇವೆಲ್ಲ ಸರಿಯಿದ್ದರೆ ಕಾರ್ಬುರೇಟರು ಕಟ್ಟಿದೆ.

ಹಗ್ಗ ಎಳೆಯುವಾಗ ಎದುರು ಒತ್ತಡವೇ ಸಿಗದೆ ಸಡಿಲವಾಗಿ ಬಂದರೆ, ಅಥವಾ ಹಗ್ಗ ಅಲುಗದೆ ಕಚ್ಚಿಕೊಂಡಿದ್ದರೆ, ಅದು ಒಳಗಿನ ರೋಗ. ಆಗ ಪೇಟೆಗೆ ಒಯ್ಯುವುದೇ ಸರಿ.

ಓಡುತ್ತಾ ತೊಂದರೆ ಕೊಟ್ಟರೆ

ಚಾಲೂ ಆಗಿ ಐದು ಹತ್ತು ನಿಮಿಷದಲ್ಲಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವುದು: ಟ್ಯಾಂಕಿಯ ಮುಚ್ಚಳದ ಗಾಳಿತೂತು ಕಟ್ಟಿರುತ್ತದೆ. ಪೆಟ್ರೋಲು ಇಳಿದಷ್ಟು ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಬರುವುದಿಲ್ಲ. ನಿಂತೊಡನೆ ಮುಚ್ಚಳ ಸಡಿಲಿಸಿ ನೋಡಿ. ಉಸ್ಸೆಂದು ಗಾಳಿ ಎಳೆದುಕೊಂಡು ಯಂತ್ರ ಮತ್ತೆ ಓಡಿದರೆ ರೋಗ ಸಿಕ್ಕಿತು. ತೂತನ್ನು ಶುಚಿಮಾಡಿ, ಮುಚ್ಚಳ ಸಡಿಲವಾಗಿಟ್ಟು ಕೆಲಸ ಮಾಡಬೇಡಿ.

ಚೋಕ್ ಹಾಕಿದಾಗ ಮಾತ್ರ ಓಡುವುದು: ಪೆಟ್ರೋಲು ಸಾಲುತ್ತಿಲ್ಲ. ಪೈಪು, ಫಿಲ್ಟರು, ಕಾರ್ಬುರೇಟರಿನ ಅಂಟು ನೋಡಬೇಕು.

ವೇಗ ಕೊಟ್ಟೊಡನೆ ಸೋಲುವುದು: ಗಾಳಿಯ ಫಿಲ್ಟರು ಕಟ್ಟಿರಬಹುದು. ಟೂ ಸ್ಟ್ರೋಕ್ ಆದರೆ ಸೈಲೆನ್ಸರಿನ ಬಾಯಿಯ ಬಲೆಯಲ್ಲಿ ಮಸಿ ಕಟ್ಟಿರಬಹುದು. ಹೊಗೆ ಹೊರಹೋಗದಿದ್ದರೆ ಹೊಸ ಗಾಳಿ ಒಳಬಾರದು.

ಕಾದ ಮೇಲೆ ಸೋಲುವುದು: ಎಂಜಿನಿನ ಸುತ್ತಲಿನ ತಗಡಿನಂಥ ರೆಕ್ಕೆಗಳ ಸಂದಿಯಲ್ಲಿ ಹುಲ್ಲಿನ ಹುಡಿ ತುಂಬಿದೆ. ತಣಿದ ಮೇಲೆ ಬ್ರಷ್ಷಿನಿಂದ ತೆಗೆಯಿರಿ, ನೀರು ಹಾಯಿಸಬೇಡಿ.

ಎಂಜಿನು ಓಡಿ ಬ್ಲೇಡು ತಿರುಗದಿರುವುದು: ಕ್ಲಚ್ಚು ಸವೆದಿದೆ, ಅಥವಾ ಬ್ಲೇಡಿನ ಮೇಲಿನ ಗೇರುಪೆಟ್ಟಿಗೆ ಹೋಗಿದೆ. ಗೇರುಪೆಟ್ಟಿಗೆಗೆ ಸುಮಾರು 25 ಗಂಟೆಗೊಮ್ಮೆ ಗ್ರೀಸು ತುಂಬಿಸಿದವರಿಗೆ ಈ ಖರ್ಚು ಬೇಗ ಬಾರದು. ಅಲ್ಲಿ ಸುತ್ತಿಕೊಂಡ ಬಳ್ಳಿಯನ್ನು ದಿನವೂ ತೆಗೆಯಬೇಕು.

ವೇಗ ಕೊಡದಿದ್ದರೂ ಬ್ಲೇಡು ತಿರುಗುವುದು: ಇದು ಅಪಾಯ. ನಿಧಾನ ಓಟದ ವೇಗ ಹೆಚ್ಚಾಗಿದೆ, ಇಲ್ಲವೇ ಕ್ಲಚ್ಚಿನ ಸ್ಪ್ರಿಂಗು ತುಂಡಾಗಿದೆ. ಸರಿಪಡಿಸುವವರೆಗೆ ಯಂತ್ರ ಮುಟ್ಟಕೂಡದು.

ಕೈ ಜುಮ್ಮೆನ್ನುವಷ್ಟು ನಡುಗುವುದು: ಬ್ಲೇಡು ಬಾಗಿದೆ, ಒಂದು ಕಡೆ ಹೆಚ್ಚು ಸವೆದಿದೆ, ಇಲ್ಲವೇ ನಟ್ಟು ಸಡಿಲ. ಬ್ಲೇಡಿನ ನಡುತೂತನ್ನು ಗೋಡೆಯ ಮೊಳೆಗೆ ತೂಗಹಾಕಿ ನೋಡಿ. ಯಾವಾಗಲೂ ಒಂದೇ ಕಡೆ ಕೆಳಗೆ ಬಂದರೆ ಆ ಕಡೆಯ ಭಾರ ಹೆಚ್ಚು. ಅರದಿಂದ ಉಜ್ಜಿ ಸರಿದೂಗಿಸಬಹುದು. ಬಿರುಕು ಕಂಡ ಬ್ಲೇಡನ್ನು ಮಾತ್ರ ಎಸೆದುಬಿಡಬೇಕು, ಬೆಸುಗೆ ಹಾಕಿಸಬಾರದು. ಬ್ಲೇಡು ಬಿಚ್ಚುವಾಗ ಒಂದು ಮಾತು ನೆನಪಿರಲಿ: ಹೆಚ್ಚಿನ ಯಂತ್ರಗಳಲ್ಲಿ ಈ ನಟ್ಟಿನ ತಿರುಪು ವಿರುದ್ಧ. ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಬಲ ಹಾಕಿ ತಿರುಪು ಹರಿದವರು ಅನೇಕರು.

ಕಾರ್ಬುರೇಟರಿನ ಪಕ್ಕದ ಸಣ್ಣ ಸ್ಕ್ರೂಗಳನ್ನು ಸುಮ್ಮನೆ ತಿರುಗಿಸಬೇಡಿ. ಮೇಲೆ ಹೇಳಿದ್ದನ್ನೆಲ್ಲ ನೋಡಿದ ಮೇಲೂ ಆಗದಿದ್ದರೆ ಆ ಕೆಲಸ ಮೆಕ್ಯಾನಿಕ್ಕನದು.

ತಳ್ಳಿಕೊಂಡು ಹೋಗುವ ಯಂತ್ರ

ಶಾಲೆ, ದೇವಸ್ಥಾನಗಳ ಅಂಗಳದ ಹುಲ್ಲಿಗೆ ಚಕ್ರವಿರುವ, ಹಿಂದಿನಿಂದ ತಳ್ಳುವ ಯಂತ್ರ ತರಿಸಿದವರೂ ಇದ್ದಾರೆ. ಅದರ ಎಂಜಿನು ಸಾಮಾನ್ಯವಾಗಿ ಫೋರ್ ಸ್ಟ್ರೋಕ್. ಆರೈಕೆ ಬಹಳ ಮಟ್ಟಿಗೆ ಇದೇ. ಹೆಚ್ಚಿನ ಎಚ್ಚರ ಎರಡು. ಅಡಿಯ ತಗಡಿಗೆ ಅಂಟಿದ ಒದ್ದೆ ಹುಲ್ಲನ್ನು ಕೆರೆಯಲು ಯಂತ್ರವನ್ನು ಮಗುಚುವಾಗ ಪ್ಲಗ್ಗಿನ ಟೋಪಿ ಕಿತ್ತಿಟ್ಟು, ಗಾಳಿಯ ಫಿಲ್ಟರು ಮೇಲೆ ಬರುವಂತೆ ವಾಲಿಸಬೇಕು. ಕೆಳಗೆ ಬಂದರೆ ಆಯಿಲ್ ಫಿಲ್ಟರಿಗಿಳಿದು ಯಂತ್ರ ಬಿಳಿ ಹೊಗೆ ಕಾರುತ್ತದೆ. ಎರಡನೆಯದು, ಆಯಿಲಿನ ಮಟ್ಟವನ್ನು ಪ್ರತಿ ಸಲವೂ ನೋಡಬೇಕು. ಫೋರ್ ಸ್ಟ್ರೋಕ್ ಯಂತ್ರಗಳಿಗೆ, ಹೆಗಲಿನದಾಗಲಿ ಚಕ್ರದ್ದಾಗಲಿ, ಹೊಸದರಲ್ಲಿ ಮೊದಲ ಕೆಲವು ಗಂಟೆಗಳ ಓಟದ ಬಳಿಕ ಒಮ್ಮೆ, ಆಮೇಲೆ ಸುಮಾರು 50 ಗಂಟೆಗೊಮ್ಮೆ ಆಯಿಲ್ ಬದಲಿಸುವುದು ಕ್ರಮ. ಹೆಗಲಿನ ಸಣ್ಣ ಯಂತ್ರಕ್ಕೆ ಹಿಡಿಯುವುದು 100 ಮಿಲಿಲೀಟರಿನ ಆಸುಪಾಸು ಮಾತ್ರ. ಅಷ್ಟಕ್ಕೆ ಜಿಪುಣತನ ಬೇಡ.

ಮೈ ಮೇಲೆ ಎಚ್ಚರ

ಬ್ಲೇಡಿಗೆ ಕೈ ಹಾಕುವ ಮೊದಲು ಎಂಜಿನು ನಿಲ್ಲಿಸಿ ಪ್ಲಗ್ಗಿನ ಟೋಪಿ ಕೀಳಬೇಕು. ಬಿಸಿ ಎಂಜಿನಿಗೆ ಪೆಟ್ರೋಲು ಹೊಯ್ಯಬಾರದು. ಹತ್ತು ನಿಮಿಷ ತಣಿಯಲಿ. ಹೊಯ್ದ ಜಾಗದಿಂದ ನಾಲ್ಕು ಹೆಜ್ಜೆ ದೂರ ಸರಿದು ಚಾಲೂ ಮಾಡಿ. ಕೆಲಸಕ್ಕೆ ಮೊದಲು ತೋಟದಲ್ಲಿ ಒಮ್ಮೆ ಸುತ್ತು ಬಂದು ಮುರಕಲ್ಲಿನ ಚೂರು, ಗೆರಟೆ, ಬೇಲಿಯ ತಂತಿ ತೆಗೆದಿಡಬೇಕು. ಬ್ಲೇಡಿಗೆ ಸಿಕ್ಕಿದ ಕಲ್ಲು ಗುಂಡಿನಂತೆ ಹಾರುತ್ತದೆ. 15 ಮೀಟರಿನೊಳಗೆ ಯಾರೂ ಇರಬಾರದು, ಮಕ್ಕಳಂತೂ ತೋಟದ ಕಡೆ ಸುಳಿಯಲೇಬಾರದು. ಬಲದಿಂದ ಎಡಕ್ಕೆ ಬೀಸಿ ಕೊಯ್ಯಬೇಕು. ಮುಂಡು ಎತ್ತಿಕಟ್ಟಿ, ಬೈರಾಸು ಕುತ್ತಿಗೆಗೆ ಇಳಿಬಿಟ್ಟು ಯಂತ್ರ ಹಿಡಿಯುವುದು ನಮ್ಮಲ್ಲಿ ರೂಢಿ, ಅದು ಕೂಡದು. ಪ್ಯಾಂಟು, ಮೊಣಕಾಲುದ್ದದ ಬೂಟು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕಿವಿಗೆ ಮುಚ್ಚಳವಿದ್ದರೆ ಇನ್ನೂ ಒಳ್ಳೆಯದು. ಕನ್ನಡಕದ ಬೆಲೆ ಕಣ್ಣಿನ ಬೆಲೆಯ ಮುಂದೆ ಏನೂ ಅಲ್ಲ. ಸಂಬಳಕ್ಕೆ ಬರುವ ಹುಡುಗನಿಗೆ ಇವನ್ನು ತೋಟದ ಯಜಮಾನನೇ ಕೊಡುವುದು ನ್ಯಾಯ.

ಎಳೆ ಅಡಿಕೆ ಸಸಿಯ ಬುಡಕ್ಕೆ ಯಂತ್ರ ಒಯ್ಯಬೇಡಿ. ನೈಲಾನ್ ದಾರವೂ ಎಳೆ ಕಾಂಡವನ್ನು ಸುಲಿಯುತ್ತದೆ. ಬುಡದ ಸುತ್ತ ಒಂದು ಮೊಳ ಜಾಗವನ್ನು ಕೈಯಿಂದಲೇ ಕೀಳಬೇಕು.

ಕೊನೆಯದಾಗಿ ಒಂದು ಸೂಚನೆ. ಯಂತ್ರ ಇಡುವ ಕೊಟ್ಟಿಗೆಯ ಬಾಗಿಲಿಗೆ ಒಂದು ಸಣ್ಣ ಪುಸ್ತಕವನ್ನೂ ಪೆನ್ಸಿಲನ್ನೂ ಕಟ್ಟಿಡಿ. ಯಾವ ದಿನ ಎಷ್ಟು ಗಂಟೆ ಓಡಿತು, ಯಾವಾಗ ಗ್ರೀಸು ಹಾಕಿತು, ಪೆಟ್ರೋಲು ಯಾವ ತಾರೀಕಿನದು, ಇಷ್ಟನ್ನೇ ಬರೆಯಿರಿ. ಯಂತ್ರವನ್ನು ಇಬ್ಬರು ಮೂವರು ಕೂಡಿ ಬಳಸುವ ಕಡೆ ಇದರಿಂದ ಜಗಳವೂ ತಪ್ಪುತ್ತದೆ. ಬೇರೆ ಉಪಾಯಗಳು ತಿಳಿದ ಓದುಗರು ಈ ಪುಟಕ್ಕೆ ನಾಲ್ಕು ಸಾಲು ಬರೆದು ಕಳುಹಿಸಿದರೆ ಎಲ್ಲರಿಗೂ ಉಪಕಾರವಾದೀತು.